ಕಂಪ್ಯೂಟರ್ ಪಾತ್ರಾಭಿನಯ ಆಟಗಳ ಸುವರ್ಣಯುಗ

ಕಂಪ್ಯೂಟರ್ ಪಾತ್ರಾಭಿನಯ ಆಟಗಳ ಸುವರ್ಣಯುಗ ಎಂಬುದು ಈ ಪ್ರಕಾರದ ಆಟಗಳು ತಮ್ಮ ಉನ್ನತಿಯನ್ನು ತಲುಪಿದವೆಂದು ಭಾವಿಸಲಾಗುವ ಕಾಲಕ್ಕೆ ಇಟ್ಟ ಹೆಸರು. ಆ ಕಾಲ ಯಾವುದೆಂಬುದರ ಬಗ್ಗೆ ಇತಿಹಾಸಕಾರರಲ್ಲಿಯೂ ಆಟಗಾರರಲ್ಲಿಯೂ ಒಮ್ಮತವಿಲ್ಲ. 1985ರಿಂದ 1993ರವರೆಗಿನ ಅವಧಿ, 1997ರಿಂದ 2001ರವರೆಗಿನ ಅವಧಿ ಮತ್ತು 2012ರ ನಂತರದ ಅವಧಿ – ಈ ಮೂರಕ್ಕೂ ಪ್ರತಿಪಾದಕರಿದ್ದಾರೆ. ಹೊಸ ವಿಧಾನಗಳ ಶೋಧ, ಬರವಣಿಗೆಯ ಗುಣ, ಆಟಗಾರನಿಗೆ ದೊರೆಯುವ ಆಯ್ಕೆ ಇವುಗಳಲ್ಲಿ ಯಾವುದನ್ನು ಮಾನದಂಡವಾಗಿ ಹಿಡಿಯುತ್ತಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಸ್ವರೂಪ

ಈ ಆಟಗಳಲ್ಲಿ ಆಟಗಾರನು ಒಂದು ಅಥವಾ ಹಲವು ಪಾತ್ರಗಳನ್ನು ವಹಿಸಿಕೊಂಡು, ಕಲ್ಪಿತ ಲೋಕದಲ್ಲಿ ಸಂಚರಿಸಿ, ಹೋರಾಟ ಮತ್ತು ಸಂಭಾಷಣೆಗಳ ಮೂಲಕ ಕಥೆಯನ್ನು ಮುನ್ನಡೆಸುತ್ತಾನೆ. ಪಾತ್ರದ ಬಲ, ಬುದ್ಧಿ ಮೊದಲಾದ ಗುಣಗಳನ್ನು ಅಂಕಿಗಳಲ್ಲಿ ಸೂಚಿಸಲಾಗುತ್ತದೆ. ಅನುಭವ ಹೆಚ್ಚಿದಂತೆ ಅವೂ ಹೆಚ್ಚುತ್ತವೆ. ಹೊನ್ನಾವರ ತಾಲ್ಲೂಕಿನ ಕರ್ಕಿ ಮೊದಲಾದ ಊರುಗಳಲ್ಲಿ ಪರಿಚಿತವಾದ ತಾಳಮದ್ದಳೆಯನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. ಅಲ್ಲಿ ಪ್ರಸಂಗದ ಕಥೆ ಮೊದಲೇ ನಿಶ್ಚಿತವಾಗಿದ್ದರೂ ಅರ್ಥಧಾರಿಯ ಮಾತು ಅವನದೇ. ಪಾತ್ರಾಭಿನಯ ಆಟದಲ್ಲಿಯೂ ಚೌಕಟ್ಟು ರಚನಕಾರನದು, ಅದರೊಳಗಿನ ನಡೆ ಆಟಗಾರನದು. ಆದರೆ ಕಂಪ್ಯೂಟರ್ ಆಟದಲ್ಲಿ ಆಡಬಹುದಾದ ಮಾತುಗಳೆಲ್ಲವನ್ನೂ ಯಾರೋ ಮುಂಚಿತವಾಗಿ ಬರೆದಿಟ್ಟಿರಬೇಕು. ಆದುದರಿಂದಲೇ ಸುವರ್ಣಯುಗದ ಚರ್ಚೆಯಲ್ಲಿ ಬರವಣಿಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಆರಂಭ

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಮೇಜಿನ ಸುತ್ತ ಕುಳಿತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಪ್ರಕಾರದ ಮೂಲ. ಮರುವರ್ಷವೇ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಶೈಕ್ಷಣಿಕ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಪೆಡಿಟ್5 ಎಂಬ ಆಟ ರಚಿತವಾಯಿತು. ಪಾಠಕ್ಕೆ ಮೀಸಲಾದ ಸ್ಥಳವನ್ನು ಆಟ ಆಕ್ರಮಿಸಿದೆಯೆಂದು ವ್ಯವಸ್ಥಾಪಕರು ಅದನ್ನು ಅಳಿಸಿಹಾಕಿದರು. 1981ರಲ್ಲಿ ಅಲ್ಟಿಮಾ ಮತ್ತು ವಿಝರ್ಡ್ರಿ ಸರಣಿಗಳು ಆರಂಭಗೊಂಡವು. ವಿಝರ್ಡ್ರಿಯ ನೆಲಮಾಳಿಗೆಯ ಹಾದಿಗಳನ್ನು ಆಟಗಾರರು ಗ್ರಾಫ್ ಕಾಗದದ ಮೇಲೆ ತಾವೇ ಗುರುತು ಹಾಕಿಕೊಳ್ಳುತ್ತಿದ್ದರು.

1985–1993ರ ಪರ ವಾದ

ಅಮೆರಿಕದ ಲೇಖಕ ಮ್ಯಾಟ್ ಬಾರ್ಟನ್ ಅವರು 2007ರ ತಮ್ಮ ಲೇಖನಮಾಲೆಯಲ್ಲಿ 1985ರಿಂದ 1993ರವರೆಗಿನ ಅವಧಿಯನ್ನು ಸುವರ್ಣಯುಗವೆಂದು ಕರೆದು, ಅನಂತರದ ಉತ್ಕರ್ಷಕ್ಕೆ 'ಪ್ಲಾಟಿನಂ ಯುಗ' ಎಂಬ ಹೆಸರನ್ನು ಕೊಟ್ಟರು. ಈ ವಾದದ ಬಲವಿರುವುದು ಹೊಸತನದಲ್ಲಿ. 1985ರ ಅಲ್ಟಿಮಾ 4ರಲ್ಲಿ ಸಂಹರಿಸಬೇಕಾದ ಖಳನಾಯಕನಿಲ್ಲ. ಎಂಟು ಸದ್ಗುಣಗಳನ್ನು ಸಾಧಿಸುವುದೇ ಗುರಿ. ಸಾಧಿಸಿದವನಿಗೆ ದೊರೆಯುವ 'ಅವತಾರ್' ಎಂಬ ಪದವಿಯ ಹೆಸರು ಸಂಸ್ಕೃತದ 'ಅವತಾರ' ಶಬ್ದದಿಂದ ಬಂದದ್ದು. 1987ರ ಡಂಜನ್ ಮಾಸ್ಟರ್, 1988ರ ಪೂಲ್ ಆಫ್ ರೇಡಿಯನ್ಸ್ ಮತ್ತು ವೇಸ್ಟ್‌ಲ್ಯಾಂಡ್, 1992ರ ಅಲ್ಟಿಮಾ 7 ಇದೇ ಕಾಲದವು.

1997–2001ರ ಪರ ವಾದ

1990ರ ದಶಕದ ನಡುವಿನ ಹಿನ್ನಡೆಯ ನಂತರ ಫಾಲ್‌ಔಟ್ (1997), ಬಾಲ್ಡರ್ಸ್ ಗೇಟ್ (1998), ಪ್ಲೇನ್‌ಸ್ಕೇಪ್: ಟಾರ್ಮೆಂಟ್ (1999), ಬಾಲ್ಡರ್ಸ್ ಗೇಟ್ 2 (2000) ಮತ್ತು ಆರ್ಕೇನಮ್ (2001) ಒಂದರ ಬೆನ್ನಿಗೊಂದು ಬಂದವು. ಟಾರ್ಮೆಂಟ್‌ನ ಪಠ್ಯವು ಸುಮಾರು ಎಂಟು ಲಕ್ಷ ಪದಗಳಷ್ಟಿದೆಯೆಂದು ಅಂದಾಜಿಸಲಾಗಿದೆ. ಪ್ರಶ್ನೆಗೆ ಕೊಡುವ ಉತ್ತರ ಕಥೆಯ ಗತಿಯನ್ನೇ ಬದಲಿಸುವ ವಿಧಾನ ಈ ಆಟಗಳಲ್ಲಿ ಪಕ್ವವಾಯಿತೆಂಬುದು ಈ ಪಕ್ಷದವರ ಮುಖ್ಯ ವಾದ. ಆದರೆ ಕೀರ್ತಿಯಷ್ಟು ಲಾಭ ಬರಲಿಲ್ಲ. ಟಾರ್ಮೆಂಟ್ ರಚಿಸಿದ ಬ್ಲ್ಯಾಕ್ ಐಲ್ 2003ರಲ್ಲಿಯೂ, ಆರ್ಕೇನಮ್ ರಚಿಸಿದ ಟ್ರಾಯ್ಕಾ 2005ರಲ್ಲಿಯೂ ಮುಚ್ಚಿದವು.

2012ರ ನಂತರ

2012ರಲ್ಲಿ ಅಭಿಮಾನಿಗಳೇ ಮುಂಗಡವಾಗಿ ಹಣ ಕೊಟ್ಟು ಹಳೆಯ ಮಾದರಿಯ ಆಟಗಳನ್ನು ಮಾಡಿಸುವ ಪದ್ಧತಿ ಬಲಗೊಂಡಿತು. ಅನಂತರ ಪಿಲ್ಲರ್ಸ್ ಆಫ್ ಎಟರ್ನಿಟಿ ಎಂದು ಹೆಸರಾದ ಯೋಜನೆಗೆ ಹೀಗೆ ಸುಮಾರು 40 ಲಕ್ಷ ಡಾಲರ್ ಸಂಗ್ರಹವಾಯಿತು. ರೂಢಿಯ ಯುದ್ಧವ್ಯವಸ್ಥೆಯನ್ನೇ ಬಿಟ್ಟು ಸಂಭಾಷಣೆಯನ್ನೇ ನೆಚ್ಚಿದ ಡಿಸ್ಕೊ ಎಲಿಸಿಯಂ (2019), ಬೆಲ್ಜಿಯಂ ಮೂಲದ ಲೇರಿಯನ್ ಸಂಸ್ಥೆಯ ಬಾಲ್ಡರ್ಸ್ ಗೇಟ್ 3 (2023) ಇವುಗಳನ್ನು ಮುಂದಿಟ್ಟು ಸುವರ್ಣಯುಗ ಈಗಲೇ ನಡೆಯುತ್ತಿದೆ ಎನ್ನುವವರೂ ಇದ್ದಾರೆ.

ಭಾರತದಲ್ಲಿ

ಮೊದಲ ಎರಡು ಅವಧಿಗಳಲ್ಲಿ ಭಾರತದ ಮನೆಗಳಲ್ಲಿ ಕಂಪ್ಯೂಟರ್ ವಿರಳವಾಗಿತ್ತು. ಫಾಲ್‌ಔಟ್ ಬಿಡುಗಡೆಯಾದ 1997ರಲ್ಲಿಯೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸ್ಥಾಪನೆಯಾಯಿತು. ಇದು ದೇಶದ ಮೊದಲ ಆಟನಿರ್ಮಾಣ ಸಂಸ್ಥೆಗಳಲ್ಲಿ ಒಂದು. ಪ್ರಾಚೀನ ಭಾರತವನ್ನು ಹೋಲುವ ಕಲ್ಪಿತ ನಗರದಲ್ಲಿ ನಡೆಯುವ ಅನ್‌ರೆಸ್ಟ್ ಎಂಬ ಪಾತ್ರಾಭಿನಯ ಆಟವನ್ನು ಭಾರತದ ಪೈರೋಡ್ಯಾಕ್ಟಿಲ್ ಸಂಸ್ಥೆ 2014ರಲ್ಲಿ ಬಿಡುಗಡೆ ಮಾಡಿತು. ಹೀಗೆ ಇಲ್ಲಿ ಸೃಷ್ಟಿಕಾರ್ಯಕ್ಕೆ ನೆಲೆ ದೊರೆತದ್ದು ಮೂರನೆಯ ಅವಧಿಯಲ್ಲಿ.

ಆಕ್ಷೇಪಗಳು ಮತ್ತು ಸಂರಕ್ಷಣೆ

ಸುವರ್ಣಯುಗವೆಂಬ ಕಲ್ಪನೆಯೇ ಬಾಲ್ಯದ ನೆನಪಿನ ಫಲವೆಂಬುದು ಒಂದು ಆಕ್ಷೇಪ. ಈ ಕಾಲವಿಭಾಗ ಅಮೆರಿಕವನ್ನೇ ಕೇಂದ್ರವಾಗಿಟ್ಟುಕೊಂಡಿದೆ, 1986ರ ಡ್ರ್ಯಾಗನ್ ಕ್ವೆಸ್ಟ್‌ನಿಂದ ಜಪಾನಿನಲ್ಲಿ ಬೆಳೆದ ಪರಂಪರೆಯನ್ನು ಬದಿಗಿರಿಸುತ್ತದೆ ಎಂಬುದು ಇನ್ನೊಂದು.

ಈ ವಿವಾದಕ್ಕೆ ಪ್ರಾಯೋಗಿಕ ಮಹತ್ತ್ವವೂ ಇದೆ. ಶ್ರೇಷ್ಠವೆಂದು ಹೆಸರಾದ ಆಟಗಳು ಹೊಸ ಯಂತ್ರಗಳಿಗೆ ಹೊಂದಿಕೊಂಡು ಮರುಪ್ರಕಟವಾಗುತ್ತವೆ, ಉಳಿದವು ಮರೆಯಾಗುತ್ತವೆ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಎಲ್ಲ ಬಗೆಯ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಅಧ್ಯಯನದಲ್ಲಿ ತಿಳಿಸಿತು. ಹೆಸರಾಂತ ಕೃತಿಗಳೂ ಸುರಕ್ಷಿತವಲ್ಲ: 2002ರ ಐಸ್‌ವಿಂಡ್ ಡೇಲ್ 2ರ ಮೂಲಸಂಕೇತ ಸಿಗದ ಕಾರಣ ಅದರ ಪರಿಷ್ಕೃತ ಆವೃತ್ತಿಯನ್ನು ಹೊರತರಲು ಬೀಮ್‌ಡಾಗ್ ಸಂಸ್ಥೆಗೆ ಸಾಧ್ಯವಾಗಲಿಲ್ಲ.