ತಟ್ಟೆಯ ಹಾಡು, ಸಭೆಯ ಹಾಡು

ಒಂದೇ ದೇವರನಾಮವನ್ನು ಒಬ್ಬ ಗಾಯಕರೇ ಮುಚ್ಚಿದ ಕೋಣೆಯಲ್ಲೊಮ್ಮೆ, ಜನ ತುಂಬಿದ ಸಭೆಯಲ್ಲೊಮ್ಮೆ ಹಾಡಿದರೆ ಅದು ಒಂದು ಹಾಡೆನಿಸುವುದೋ, ಎರಡೋ? ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ ಮೆಚ್ಚಿದ ಹಾಡನ್ನು ಕಚೇರಿಯಲ್ಲಿ ಕೇಳಿದಾಗ ‘ಅಯ್ಯೋ, ಅದರಂತಿಲ್ಲವಲ್ಲ’ ಎಂದು ಪೆಚ್ಚಾದವರುಂಟು. ‘ಇದರ ಮುಂದೆ ಅದೇನು ಮಹಾ’ ಎಂದು ತಲೆದೂಗಿದವರೂ ಉಂಟು. ಎರಡು ಪಕ್ಷದವರಿಗೂ ನಮ್ಮ ಮೈಸೂರಿನಲ್ಲಿ ಕೊರತೆಯಿಲ್ಲ. ನಾನು ಬಹುಕಾಲ ಮೊದಲನೆಯ ಪಕ್ಷದವನಾಗಿದ್ದೆ. ಆ ಪಕ್ಷವನ್ನು ಬಿಡಿಸಿದವರು ಯಾವ ಸಂಗೀತ ವಿದ್ವಾಂಸರೂ ಅಲ್ಲ. ಎಂಟನೆಯ ತರಗತಿಯ ಒಬ್ಬ ಹುಡುಗಿ.

ಕೆಲವು ವರ್ಷಗಳ ಹಿಂದೆ ಪುರಂದರದಾಸರ ಆರಾಧನೆಯ ಅಂಗವಾಗಿ ಮಕ್ಕಳಿಗೆ ದಾಸರ ಪದಗಳ ಸ್ಪರ್ಧೆ ಏರ್ಪಟ್ಟಿತ್ತು. ಕನ್ನಡ ಪಂಡಿತನೆಂಬ ಕಾರಣಕ್ಕೆ ನನ್ನನ್ನೂ ತೀರ್ಪುಗಾರರಲ್ಲಿ ಒಬ್ಬನನ್ನಾಗಿ ಕೂರಿಸಿದ್ದರು. ಇಬ್ಬರು ಬಾಲಕಿಯರು ಒಂದೇ ಪದವನ್ನು ಆರಿಸಿಕೊಂಡಿದ್ದರು: ‘ಜಗದೋದ್ಧಾರನ’. ಮೊದಲನೆಯವಳು ತಟ್ಟೆಯಲ್ಲಿ ಕೇಳಿದಂತೆಯೇ ಅಚ್ಚುಕಟ್ಟಾಗಿ ಹಾಡಿದಳು. ಎರಡನೆಯವಳದು ಬೇರೆ ಧಾಟಿ; ಯಾವ ರಾಗಕ್ಕೂ ಪೂರ್ತಿ ಸೇರದ, ತೊಟ್ಟಿಲ ಹಾಡಿನ ಜಾಡಿನದು. ನಾನು ನಿಸ್ಸಂಕೋಚವಾಗಿ ಅವಳ ಅಂಕಗಳನ್ನು ಕತ್ತರಿಸಿದೆ. ಸಾಲದ್ದಕ್ಕೆ ಕರೆದು, “ಈ ಹಾಡು ಹೀಗಲ್ಲಮ್ಮ, ರೆಕಾರ್ಡು ಕೇಳಿ ಕಲಿತುಕೋ” ಎಂದು ಉಪದೇಶವನ್ನೂ ಮಾಡಿದೆ. ಹುಡುಗಿ ನೆಲ ನೋಡುತ್ತ, “ನಮ್ಮಜ್ಜಿ ರೆಕಾರ್ಡು ಕೇಳಿಲ್ಲ ಸಾರ್, ಅವರಮ್ಮ ಹೇಳಿಕೊಟ್ಟಿದ್ದಂತೆ” ಎಂದಳು. ಅಷ್ಟೇ ಮಾತು. ಮನೆಗೆ ಬಂದ ಮೇಲೂ ಅದು ಕಿವಿಯಲ್ಲಿಯೇ ಉಳಿಯಿತು.

ನನ್ನ ಅಳತೆಗೋಲು ಎಲ್ಲಿಂದ ಬಂದದ್ದೆಂದು ವಿಚಾರಿಸಿ ನೋಡಿದೆ. ನಮ್ಮ ತಾತನ ಕಾಲದ ಒಂದು ಗ್ರಾಮಫೋನು ನನ್ನ ಬಾಲ್ಯದವರೆಗೂ ಮನೆಯಲ್ಲಿತ್ತು. ಕೀಲಿ ಕೊಟ್ಟು, ಮುಳ್ಳು ಬದಲಾಯಿಸಿ, ಮೆಲ್ಲನೆ ಇಳಿಸಿದರೆ ಮೊದಲು ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತಹ ಸದ್ದು, ಅನಂತರ ಬಿ. ಎಸ್. ರಾಜಯ್ಯಂಗಾರ್ಯರ ಕಂಠ. ಹಿಂದೂಸ್ತಾನಿ ಕಾಪಿಯಲ್ಲಿ ಅವರು ಹಾಡಿದ ‘ಜಗದೋದ್ಧಾರನ’ 78 ಸುತ್ತಿನ ತಟ್ಟೆಯ ಕಾಲದಲ್ಲಿ ಕನ್ನಡ ನಾಡಿನ ಮನೆಮನೆಯನ್ನೂ ಮುಟ್ಟಿತು. ಬಳಿಕ ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಕಾಪಿಯಲ್ಲಿಯೇ ಹಾಡಿ ಅದನ್ನು ನಾಡಿನಾಚೆಗೂ ಕೊಂಡೊಯ್ದರು. ಹೀಗೆ ಆ ಪದಕ್ಕೂ ಆ ರಾಗಕ್ಕೂ ಬಿಡಿಸಲಾಗದ ನಂಟು ಬೆಳೆದುಬಿಟ್ಟಿತು. ದಾಸರೇ ಕಾಪಿಯಲ್ಲಿ ಹಾಡಿದ್ದರೇನೋ ಎಂಬಷ್ಟು ನಂಬಿಕೆ ನನ್ನಂಥವರಲ್ಲಿ ಬೇರೂರಿತು.

ಈಗ ತಟ್ಟೆಯ ಕಥೆಯನ್ನು ಸ್ವಲ್ಪ ನೋಡೋಣ. ನಮ್ಮ ದೇಶದಲ್ಲಿ ಹಾಡನ್ನು ತಟ್ಟೆಗಿಳಿಸುವ ಉದ್ಯಮ ಮೊದಲಾದದ್ದು 1902ರಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರಗಳೊಡನೆ ಕಲ್ಕತ್ತೆಗೆ ಬಂದಿಳಿದು, ಆಗಿನ ಪ್ರಖ್ಯಾತ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದನು. ಆಗ ಮೈಕು ಇರಲಿಲ್ಲ. ಗೋಡೆಯಿಂದ ಚಾಚಿದ ಕಹಳೆಯಂತಹ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಕೊಳವೆಯ ಇನ್ನೊಂದು ತುದಿಯಲ್ಲಿ ಸೂಜಿಯೊಂದು ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಆ ಮೇಣದ ಅಚ್ಚು ಹಡಗಿನಲ್ಲಿ ಜರ್ಮನಿಯ ಹಾನೋವರ್ ಕಾರ್ಖಾನೆಗೆ ಹೋಗಿ ತಟ್ಟೆಯಾಗಿ ಮರಳಬೇಕು. ಅಲ್ಲಿಯವರಿಗೆ ನಮ್ಮ ಭಾಷೆಯಾಗಲಿ ಹೆಸರಾಗಲಿ ತಿಳಿಯದು. ಆದಕಾರಣ ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಸಾರಿ ಹೇಳುತ್ತಿದ್ದರು. ಇಂದಿಗೂ ಆ ತಟ್ಟೆಗಳಲ್ಲಿ ಆ ಘೋಷಣೆ ಕೇಳಿಸುತ್ತದೆ.

ತಟ್ಟೆಯ ಒಂದು ಮುಖಕ್ಕೆ ದೊರೆಯುತ್ತಿದ್ದುದು ಮೂರು ನಿಮಿಷಕ್ಕೆ ತುಸು ಹೆಚ್ಚುಕಡಿಮೆ. ಗಂಟೆಗಟ್ಟಲೆ ರಾಗವನ್ನು ಬೆಳೆಸುವ ವಿದ್ವಾಂಸರು ಮೂರು ನಿಮಿಷದಲ್ಲಿ ಏನು ಮಾಡಬೇಕು? ಆಲಾಪನೆಯನ್ನು ಒಂದು ಉಸಿರಿಗೆ ಇಳಿಸಬೇಕು. ನೆರವಲು, ಸ್ವರಕಲ್ಪನೆಗಳನ್ನು ಬಿಡಬೇಕು. ಚರಣಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಂಡು ಮಿಕ್ಕವನ್ನು ಕೈಬಿಡಬೇಕು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯವೇ ಒಂದು ಹೊಸ ಕಲೆಯಾಯಿತು. ಕಂದಪದ್ಯ ಬರೆಯುವ ಕವಿಗೆ ನಾಲ್ಕು ಸಾಲಿನ ಕಟ್ಟು ಹೇಗೋ, ಗಾಯಕನಿಗೆ ತಟ್ಟೆಯ ಅಂಚು ಹಾಗೆ. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬಂದು, ಮೈಕಿನ ಮುಂದೆ ಮೆಲುದನಿಯಲ್ಲಿ ಹಾಡಿದರೂ ಸಾಕೆಂಬಂತಾಯಿತು. ಆದರೆ ಮೂರು ನಿಮಿಷದ ಬೇಲಿ ಮಾತ್ರ 78 ಸುತ್ತಿನ ತಟ್ಟೆ ಇರುವವರೆಗೂ ಕದಲಲಿಲ್ಲ.

ತಟ್ಟೆಯ ಮೊದಲ ದಿನಗಳ ಈ ಗಾಯಕಿಗೂ ನಮ್ಮೂರಿಗೂ ಸಂಬಂಧವಿದ್ದಿತೆಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಸಿರಿತನ ಕರಗಿದ ಮೇಲೆ ಗೌಹರ್ ಜಾನ್ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1928ರಲ್ಲಿ ಅರಮನೆಯ ಸಂಗೀತಗಾರ್ತಿಯಾಗಿ ನೇಮಕಗೊಂಡರು. 1930ರ ಜನವರಿ 17ರಂದು ಇಲ್ಲಿಯೇ ತೀರಿಕೊಂಡರು. ಅರಮನೆಯಲ್ಲಿ ಅವರ ಹಾಡನ್ನು ಕೇಳಿದ ಕಿವಿಗಳು ಎಂದೋ ಮಣ್ಣಾದವು. ಇಂದು ನಮಗೆ ಸಿಗುವುದು ಆ ಮೂರು ನಿಮಿಷದ ತಟ್ಟೆಗಳ ಗೌಹರ್ ಜಾನ್ ಮಾತ್ರ. ತಟ್ಟೆಯನ್ನು ಹೀಗಳೆಯುವವರು ಇದನ್ನು ನೆನೆಯಬೇಕು. ಆ ಗೀರುಗಳು ಇಲ್ಲದಿದ್ದರೆ ಅವರ ಹೆಸರೊಂದು ಉಳಿಯುತ್ತಿತ್ತೇ ಹೊರತು ದನಿ ಉಳಿಯುತ್ತಿರಲಿಲ್ಲ.

ಇನ್ನು ಸಭೆಯ ಕಡೆ ತಿರುಗೋಣ. ಸಭೆಗೆ ಬೇಲಿಯಿಲ್ಲ, ಆದರೆ ಅದರದೇ ಆದ ಕಟ್ಟಳೆಗಳುಂಟು. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವನಿಗೂ ನಾದ ಮುಟ್ಟಬೇಕು. ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಬಿಗಿದದ್ದು ಇದಕ್ಕಾಗಿಯೇ. ಅವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರು. ಮೈಸೂರಿನಲ್ಲಿ ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಈ ಊರಿನ ಸಂಗೀತಕ್ಕೆ ಒಂದು ಮನೆಯೇ ಆಯಿತು. ಸಭೆಯಲ್ಲಿ ಹಾಡುವವನ ಎದುರಿಗೆ ಕಣ್ಣುಗಳಿರುತ್ತವೆ. ಒಂದು ಸಂಗತಿಗೆ ಯಾರೋ ‘ಭಲೇ’ ಎಂದರೆ ಮುಂದಿನ ಸಂಗತಿ ತಾನಾಗಿ ಹುಟ್ಟುತ್ತದೆ. ಹಿಂದಿನ ಕಂಪನಿ ನಾಟಕಗಳಲ್ಲಂತೂ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ರಾಜನೂ ಯುದ್ಧವನ್ನು ನಿಲ್ಲಿಸಿ ಮತ್ತೆ ಹಾಡಬೇಕಾಗಿತ್ತು!

ತಟ್ಟೆಗೂ ಸಭೆಗೂ ನಡುವೆ ಮೂರನೆಯದೊಂದು ಕೋಣೆಯನ್ನು ತೆರೆದುಕೊಟ್ಟದ್ದು ಬಾನುಲಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಯಂತ್ರವಿಟ್ಟು ನಿಲಯವನ್ನು ಆರಂಭಿಸಿದ ಸಂಗತಿ ಮೈಸೂರಿನವರಿಗೆ ಹೆಮ್ಮೆಯದು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು 1950ರ ದಶಕದಲ್ಲಿ ಇಡೀ ದೇಶದ ಬಾನುಲಿಯ ಹೆಸರಾಯಿತು. ನಿಲಯವನ್ನು 1942ರಲ್ಲಿ ಮೈಸೂರು ಸರ್ಕಾರವೂ 1950ರಲ್ಲಿ ಭಾರತ ಸರ್ಕಾರವೂ ವಹಿಸಿಕೊಂಡವು. 1955ರಲ್ಲಿ ಅದು ಬೆಂಗಳೂರಿಗೆ ಹೊರಟುಹೋಗಿ, ಮೈಸೂರಿಗೆ 1974ರಲ್ಲಿ ಮತ್ತೆ ನಿಲಯ ಬಂದಿತು.

ಬಾನುಲಿಯ ಕೋಣೆ ವಿಚಿತ್ರವಾದುದು. ತಟ್ಟೆಯ ಕೋಣೆಯಂತೆ ಅಲ್ಲಿಯೂ ನಿಶ್ಶಬ್ದ, ಎದುರಿಗೆ ಗಡಿಯಾರ, ‘ಭಲೇ’ ಎನ್ನುವವರಿಲ್ಲ. ಆದರೆ ನೇರವಾಗಿ ಬಿತ್ತರವಾಗುತ್ತಿದ್ದ ಆ ದಿನಗಳಲ್ಲಿ ಬಾಯಿಂದ ಹೊರಟ ಸ್ವರವನ್ನು ಹಿಂದಕ್ಕೆ ಕರೆಯುವಂತಿರಲಿಲ್ಲ. ಆ ಮಟ್ಟಿಗೆ ಅದು ಸಭೆಯೇ ಸರಿ. ಕೇಳುವವರು ಸಾವಿರಾರು, ಕಾಣುವವರು ಯಾರೂ ಇಲ್ಲ. 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವೂ, 1954ರಲ್ಲಿ ಆಹ್ವಾನಿತ ಶ್ರೋತೃಗಳ ಎದುರಿನಲ್ಲಿ ನಡೆಯುವ ಸಂಗೀತ ಸಮ್ಮೇಳನವೂ ಮೊದಲಾದವು. ಎದುರಿಗೆ ಜನರಿದ್ದರೆ ಹಾಡು ಬೇರೆಯಾಗುತ್ತದೆಂಬುದನ್ನು ಬಾನುಲಿಯವರೂ ಬಲ್ಲವರಾಗಿದ್ದರು.

ಇಷ್ಟು ತಿಳಿದುಕೊಂಡು, ಒಂದು ಗಣೇಶೋತ್ಸವದಲ್ಲಿ ವಾಣಿವಿಲಾಸ ಮೊಹಲ್ಲೆಯ ಎಂಟನೇ ಕ್ರಾಸಿನ ಪೆಂಡಾಲಿನಲ್ಲಿ ಕುಳಿತಿದ್ದೆ. ರಸ್ತೆಯಲ್ಲಿಯೇ ಚಪ್ಪರ, ಕುರ್ಚಿಗಳು, ಮನೆಗಳ ಜಗಲಿಯ ಮೇಲೂ ಜನ. ಕಚೇರಿಯ ಕೊನೆಯ ಭಾಗದಲ್ಲಿ ಗಾಯಕರು ‘ಜಗದೋದ್ಧಾರನ’ ತೆಗೆದರು. ರಾಗ ಕಾಪಿಯೇ. ಆದರೆ ತಟ್ಟೆಯಲ್ಲಿ ಒಂದೆರಡು ಸಲ ಬಂದು ಹೋಗುವ ಪಲ್ಲವಿಯನ್ನು ಅವರು ಬಿಡಲೇ ಇಲ್ಲ. ಲೋಕವನ್ನೇ ಎತ್ತಿ ಹಿಡಿಯುವವನನ್ನು ತಾಯಿಯೊಬ್ಬಳು ತನ್ನ ಕೂಸೆಂದು ಬಗೆದು ಆಡಿಸಿದಳೆಂಬುದಷ್ಟೇ ಆ ಪದದ ಹೃದಯ. ‘ಯಶೋದೆ’ ಎಂಬ ಹೆಸರಿನ ಮೇಲೆ ಒಮ್ಮೆ ಅಚ್ಚರಿ, ಒಮ್ಮೆ ಮುದ್ದು, ಇನ್ನೊಮ್ಮೆ ‘ಪಾಪ, ಅವಳಿಗೆ ತಿಳಿಯದಲ್ಲ’ ಎಂಬ ಕನಿಕರ. ಹೀಗೆ ಒಂದು ಹೆಸರನ್ನು ಹಲವು ಬಗೆಯಲ್ಲಿ ನಿಲ್ಲಿಸಿ ತೋರಿಸಿದರು. ನಡುವೆ ಒಂದು ಮಗು ಅತ್ತಿತು. ಗಾಯಕರು ಅತ್ತ ನೋಡಿ ನಕ್ಕು, ಆ ನಗುವಿನಲ್ಲಿಯೇ ಮುಂದಿನ ಸಂಗತಿಯನ್ನು ಎತ್ತಿಕೊಂಡರು. ಯಾವ ತಟ್ಟೆಯೂ ಆ ಕ್ಷಣವನ್ನು ಕೊಡಲಾರದು. ಹಾಗೆಂದು ಎಲ್ಲವೂ ಚೆನ್ನಾಗಿತ್ತೆಂದಲ್ಲ. ಮೈಕು ಎರಡು ಸಲ ಕಿರುಚಿತು. ಒಂದು ಚರಣದಲ್ಲಿ ಮಾತು ಮರೆತು ಹೋಯಿತು. ರಾಜಯ್ಯಂಗಾರ್ಯರ ತಟ್ಟೆಯಲ್ಲಿ ಒಂದಕ್ಷರವೂ ಜಾರುವುದಿಲ್ಲ. ಸಾವಿರ ಸಲ ಕೇಳಿದರೂ ಅದು ಅದೇ. ಅದರ ಹೆಚ್ಚಳವೂ ಅದೇ, ಕೊರತೆಯೂ ಅದೇ.

ಹಳಗನ್ನಡ ಓದಿದ ನನಗೆ ಈ ಸಮಸ್ಯೆ ಹೊಸದಾಗಬಾರದಾಗಿತ್ತು. ಒಂದು ಕಾವ್ಯಕ್ಕೆ ಹತ್ತು ಓಲೆಪ್ರತಿಗಳಿದ್ದರೆ ಹತ್ತರಲ್ಲಿಯೂ ಪಾಠಾಂತರಗಳಿರುತ್ತವೆ. ಅಚ್ಚಾದ ಪ್ರತಿ ಕೈಗೆ ಸಿಕ್ಕಿತೆಂದು ಓಲೆಗಳನ್ನು ಒಲೆಗೆ ಹಾಕುವ ಪಂಡಿತನುಂಟೆ? 1891ರಲ್ಲಿ ಸ್ಥಾಪಿತವಾದ ನಮ್ಮ ಪ್ರಾಚ್ಯ ಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದರಿಂದಲೇ ಲೋಕ ಅದನ್ನು ಕಂಡಿತು. ಆದರೂ ಬಳಿಕ ಬೇರೆ ಪ್ರತಿಗಳು ದೊರೆತಾಗ ವಿದ್ವಾಂಸರು ಅವನ್ನೂ ಕೂಡಿಸಿ ನೋಡಿದರು. ಇನ್ನು ಗಮಕಿಗಳ ವಿಷಯ ಹೇಳಬೇಕೆ? ಕುಮಾರವ್ಯಾಸನ ಒಂದೇ ಷಟ್ಪದಿಯನ್ನು ಒಬ್ಬರು ಒಂದು ರಾಗದಲ್ಲಿ ಓದಿದರೆ ಮತ್ತೊಬ್ಬರು ಇನ್ನೊಂದರಲ್ಲಿ ಓದುತ್ತಾರೆ. ಯಾರದೂ ತಪ್ಪೆಂದು ನಾವು ಅಂಕ ಕಳೆಯುವುದಿಲ್ಲ.

ದಾಸರ ಪದಗಳ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಪುರಂದರದಾಸರು 16ನೆಯ ಶತಮಾನದವರು. ಅವರ ಸಾಹಿತ್ಯ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ನಡೆದುಬಂದಿತು. ಅವರು ಹಾಡಿದ ಮಟ್ಟುಗಳು ಬಹುಪಾಲು ಕಳೆದುಹೋದವು. ಇಂದು ನಾವು ಕೇಳುವ ಧಾಟಿಗಳಲ್ಲಿ ಹೆಚ್ಚಿನವು ಅನಂತರದವರು ಕೂಡಿಸಿದವು. ಹಾಗಿರುವಲ್ಲಿ ಕಾಪಿಯ ‘ಜಗದೋದ್ಧಾರನ’ ನಮ್ಮ ಕಾಲದ ಒಂದು ಸೊಗಸಾದ ಪಾಠ, ಮೂಲಪಾಠವಲ್ಲ. ಆ ಹುಡುಗಿಯ ಅಜ್ಜಿಯದು ಇನ್ನೊಂದು ಪಾಠ. ತಟ್ಟೆಯ ಪಾಠ ಲಕ್ಷ ಮನೆಗಳಲ್ಲಿ ಭದ್ರವಾಗಿದೆ. ಅಜ್ಜಿಯ ಪಾಠಕ್ಕೆ ಇದ್ದುದು ಒಂದೇ ಪ್ರತಿ, ಅದೂ ಉಸಿರಿನ ಮೇಲೆ ಬರೆದದ್ದು. ಅದನ್ನೇ ನಾನು ತಪ್ಪೆಂದು ಗೀಟು ಹಾಕಿದ್ದೆ.

ಮರುವರ್ಷ ಮತ್ತೆ ತೀರ್ಪಿಗೆ ಕರೆದಾಗ, ‘ಪ್ರಚಲಿತ ಧಾಟಿಯಲ್ಲಿ ಹಾಡತಕ್ಕದ್ದು’ ಎಂಬ ನಿಯಮವನ್ನು ತೆಗೆಯಬೇಕೆಂದು ಕೇಳಿಕೊಂಡೆ, ಒಪ್ಪಿದರು. ಹುಡುಗಿಯನ್ನು ಕರೆದು, ನಾನು ಹೇಳಿದ್ದು ಸರಿಯಲ್ಲವೆಂದು ಅವಳ ಮುಂದೆಯೇ ಹೇಳಿದೆ. ಮೇಷ್ಟರಾದವರಿಗೆ ಇದು ಸುಲಭವಲ್ಲ. ಅವಳ ಜತೆಯಲ್ಲಿ ಅವರ ಮನೆಗೂ ಹೋದೆ. ಅಜ್ಜಿಗೆ ಎಂಬತ್ತು ದಾಟಿತ್ತು. ಕಾಫಿಯಾದ ಮೇಲೆ ಹಾಡಿದರು; ನಾನು ಫೋನಿನಲ್ಲಿ ಅದನ್ನು ಮುದ್ರಿಸಿಕೊಂಡು ಅವರಿಗೇ ಕೇಳಿಸಿದೆ. ಅವರು ತಲೆಯಲ್ಲಾಡಿಸಿ, “ಇದು ಇವತ್ತಿಂದು ಕಣಪ್ಪಾ. ನಿನ್ನೆ ದೀಪ ಹಚ್ಚುವಾಗ ಹೇಳಿದ್ದು ಹೀಗಿರಲಿಲ್ಲ” ಎಂದರು. ನಾನೂ ಒಂದು ತಟ್ಟೆಯನ್ನೇ ಮಾಡಿಕೊಂಡು ಬಂದಿದ್ದೆ! ಆದರೂ ಅದನ್ನು ಜೋಪಾನವಾಗಿಟ್ಟಿದ್ದೇನೆ. ಮೊಮ್ಮಗಳಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ಮರುವರ್ಷವೇ ಅಜ್ಜಿ ತೀರಿಕೊಂಡರು.

ಆದುದರಿಂದ ರೇಡಿಯೋ ಇಟ್ಟುಕೊಂಡ ಸಂಸಾರಿಗರಲ್ಲಿ ನನ್ನದೊಂದು ಬಿನ್ನಹ. ಮುದ್ರಿತ ಹಾಡನ್ನು ಮನಸಾರೆ ಕೇಳಿರಿ; ಅದು ನಮಗೆ ಹಿರಿಯರ ದನಿಯನ್ನು ಉಳಿಸಿಕೊಟ್ಟಿದೆ. ಬಿಡುವಾದಾಗ ಸಭೆಗೂ ಹೋಗಿ ಕುಳಿತುಕೊಳ್ಳಿರಿ. ಹಾಡು ಹುಟ್ಟುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ರೇಡಿಯೋದಲ್ಲಿ ಬಂದ ಪದವನ್ನು ಕೇಳಿ ಅಡಿಗೆಮನೆಯಿಂದ ಯಾರಾದರೂ “ನಮ್ಮ ಕಡೆ ಇದನ್ನು ಬೇರೆ ಥರ ಹೇಳುತ್ತಿದ್ದರು” ಎಂದರೆ, ದನಿಯನ್ನು ಸ್ವಲ್ಪ ತಗ್ಗಿಸಿ, ಅದು ಹೇಗೆಂದು ಕೇಳಿರಿ.