ಮಿದುಳಿಲ್ಲದ ನರಜಾಲ: ಹೈಡ್ರಾ, ಲೋಳೆಮೀನು ಮತ್ತು ಕಡಲ ಹೂ

ಬೆಂಗಳೂರಿನ ಸಾರಕ್ಕಿ, ಜೆ.ಪಿ. ನಗರ, ಬನಶಂಕರಿ ಕಡೆ ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡವರಿಗೆ ಹೈಡ್ರಾ ಒಂದು ಕಾಟ. ಅಂಗಡಿಯಿಂದ ತಂದ ನೀರುಗಿಡದ ಜೊತೆ ಸದ್ದಿಲ್ಲದೆ ಬರುತ್ತದೆ, ಗಾಜಿಗೆ ಅಂಟಿಕೊಳ್ಳುತ್ತದೆ, ಮರಿಮೀನುಗಳ ಊಟಕ್ಕೆ ಪಾಲುದಾರನಾಗುತ್ತದೆ. ಅದೇ ಬಡಾವಣೆಗಳ ಪ್ರಥಮ ಪಿಯುಸಿ ಮಕ್ಕಳಿಗೆ ಅದು ಪಠ್ಯದ ಒಂದು ಉದಾಹರಣೆ: ಕೊಳವೆಯಂಥ ಮೈ, ಅದರ ತುಂಬ ಮೀನುಬಲೆಯ ಹಾಗೆ ಒಂದೇ ಸಮ ಹರಡಿದ ನರಕೋಶಗಳು. ಇದಕ್ಕಿಂತ ಸರಳ ನರಮಂಡಲವಿಲ್ಲ ಎಂದು ಹೇಳಿ ಪಾಠ ಮುಂದಕ್ಕೆ ಹೋಗುತ್ತದೆ. ಈ ಲೇಖನದ ತಕರಾರು ಇರುವುದು ಆ ಚಿತ್ರದ ಬಗ್ಗೆಯೇ.

2017ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಡುಪ್ರೆ ಮತ್ತು ರಫಾಯೆಲ್ ಯುಸ್ತೆ, ನರಕೋಶಗಳು ಕೆಲಸ ಮಾಡಿದಾಗಲೆಲ್ಲ ಮಿನುಗುವಂತೆ ಹೈಡ್ರಾದ ತಳಿಯನ್ನು ಮಾರ್ಪಡಿಸಿ, ಜೀವಂತ ಪ್ರಾಣಿಯ ಇಡೀ ನರಜಾಲದ ಚಟುವಟಿಕೆಯನ್ನು ಚಿತ್ರೀಕರಿಸಿದರು. ಕಂಡದ್ದು ಒಂದು ಜಾಲವಲ್ಲ. ಮೈ ಉದ್ದಕ್ಕೆ ಕುಗ್ಗುವಾಗ ಒಂದು ಗುಂಪು ಮಿನುಗಿತು; ಬೆಳಕು ಬಿದ್ದು ಮೈ ನೀಳವಾಗುವಾಗ ಇನ್ನೊಂದು; ಸುತ್ತಳತೆ ಕಿರಿದಾಗುವಾಗ ಮತ್ತೊಂದು. ತಲೆಯಾಡಿಸುವ ಚಲನೆಗೆ ಕರಬಳ್ಳಿಗಳ ಬುಡದಲ್ಲಿ ಬೇರೆಯೇ ಒಂದು ಗುಂಪಿತ್ತು. ಒಂದೇ ಮೈಯಲ್ಲಿ ಹೆಣೆದುಕೊಂಡಿದ್ದರೂ ಒಂದು ಗುಂಪಿನ ಕೋಶ ಇನ್ನೊಂದರಲ್ಲಿ ಇರಲಿಲ್ಲ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಿಲ್ಲದೆಯೂ ಹೈಡ್ರಾ ಬದುಕಬಲ್ಲದು ಎಂಬುದು ಇನ್ನೂ ಸೋಜಿಗ. 1976ರಲ್ಲಿ ರಿಚರ್ಡ್ ಕ್ಯಾಂಬೆಲ್ ಕೋಲ್ಚಿಸಿನ್ ಎಂಬ ರಾಸಾಯನಿಕ ಬಳಸಿ ನರಕೋಶಗಳನ್ನೂ ಅವುಗಳಿಗೆ ಮೂಲವಾದ ಕೋಶಗಳನ್ನೂ ನಿವಾರಿಸಿದ ಹೈಡ್ರಾಗಳನ್ನು ಪಡೆದರು. ಅವು ಬೇಟೆಯಾಡಲಾರವು. ಆದರೆ ಬಾಯಿಗೆ ತುರುಕಿದರೆ ಆಹಾರ ಜೀರ್ಣಿಸಿಕೊಂಡು ಮೊಗ್ಗೊಡೆಯುತ್ತವೆ, ತುಂಡಾದರೆ ಮತ್ತೆ ಬೆಳೆಯುತ್ತವೆ. ಅಂದರೆ ಇಲ್ಲಿ ನರಮಂಡಲದ ಹೊಣೆ ಮುಖ್ಯವಾಗಿ ವರ್ತನೆಯದು. ಗಾಯಗೊಂಡ ನೀರುಚಿಗಟದ ಮೈಯಿಂದ ಒಸರುವ ಗ್ಲುಟಾಥಯೋನ್ ಎಂಬ ರಾಸಾಯನಿಕ ತಾಗಿದರೆ ಸಾಕು, ಹೈಡ್ರಾದ ಕರಬಳ್ಳಿಗಳು ಒಳಕ್ಕೆ ಬಾಗಿ ಬಾಯಿ ತೆರೆಯುತ್ತದೆ. ಬೇಟೆ ಎದುರಿಗಿರಬೇಕೆಂದೇನೂ ಇಲ್ಲ. 1955ರಲ್ಲಿ ಲೂಮಿಸ್ ವರದಿ ಮಾಡಿದ ಈ ಪ್ರತಿಕ್ರಿಯೆಯನ್ನು ಸಾಧಾರಣ ಕಾಲೇಜು ಸೂಕ್ಷ್ಮದರ್ಶಕದಲ್ಲೂ ನೋಡಬಹುದು. ಬಣ್ಣ ಹಾಕಿದ ಹಳೆಯ ಸ್ಲೈಡಿಗಿಂತ ಮಕ್ಕಳಿಗೆ ಇದು ಹೆಚ್ಚು ಕಲಿಸುತ್ತದೆ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಭಾರತೀಯ ಹೈಡ್ರಾ ತಳಿಯನ್ನೇ ಸಾಕಿ ಸಂಶೋಧನೆಗೆ ಬಳಸಿದೆ.

ಲೋಳೆಮೀನಿನ ಕಥೆ ಇದಕ್ಕಿಂತ ಹಳೆಯದು. 1870ರ ದಶಕದಲ್ಲಿ ಜಾರ್ಜ್ ರೊಮೇನ್ಸ್ ಸ್ಕಾಟ್ಲೆಂಡ್ ಕರಾವಳಿಯಲ್ಲಿ ಅವುಗಳ ಛತ್ರಿಯನ್ನು ಸುರುಳಿಯಾಗಿ ಕತ್ತರಿಸಿ, ಅಂಥ ಪಟ್ಟಿಯ ಉದ್ದಕ್ಕೂ ಸಂಕೋಚನದ ಅಲೆ ಸಾಗುವುದನ್ನು ಕಂಡರು. ಅಂಚಿನ ಸಂವೇದನಾಂಗಗಳನ್ನು ಕಿತ್ತರೆ ಮಾತ್ರ ಛತ್ರಿಯ ಮಿಡಿತ ನಿಲ್ಲುತ್ತಿತ್ತು. ಎಡ್ವರ್ಡ್ ಶೇಫರ್ 1878ರ ಹೊತ್ತಿಗೆ ಅದೇ ಛತ್ರಿಯ ನರತಂತುಗಳು ಒಂದರ ಪಕ್ಕ ಒಂದು ಸಾಗಿದರೂ ಪರಸ್ಪರ ಬೆಸೆದುಕೊಂಡಿಲ್ಲ ಎಂದು ಗುರುತಿಸಿದರು. ನರಕೋಶಗಳು ಬಿಡಿಬಿಡಿ ಎಂದು ನರವಿಜ್ಞಾನಿ ಕಜಾಲ್ ಸ್ಥಾಪಿಸುವ ಮೊದಲಿನ ಮಾತಿದು. ಅದಕ್ಕೆ ಸಿಕ್ಕ ಮನ್ನಣೆ ಕಡಿಮೆಯೇ. 1956ರಲ್ಲಿ ಏಡ್ರಿಯನ್ ಹಾರಿಜ್ ಎಳೆಯ ಔರೀಲಿಯಾ ಲೋಳೆಮೀನಿನಲ್ಲಿ ಈಜಿಗೊಂದು, ಉಣ್ಣುವುದಕ್ಕೊಂದು ಪ್ರತ್ಯೇಕ ಜಾಲ ತೋರಿಸಿಕೊಟ್ಟರು. ಹೈಡ್ರಾದಲ್ಲಿ ಆರು ದಶಕಗಳ ನಂತರ ಮಿನುಗಿ ಕಾಣಿಸಿದ್ದು ಇಂಥದೇ ವಿಭಜನೆ.

ಟ್ರೈಪೆಡಾಲಿಯಾ ಎಂಬ ಪೆಟ್ಟಿಗೆ ಲೋಳೆಮೀನಿಗೆ ನಾಲ್ಕು ಸಂವೇದನಾಂಗಗಳಲ್ಲಿ ಒಟ್ಟು 24 ಕಣ್ಣುಗಳು. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಡಿಕ್ಕಿ ಹೊಡೆಯದೆ ಸಾಗುವುದನ್ನು ಅದು ಅನುಭವದಿಂದ ಕಲಿಯುತ್ತದೆಂದು 2023ರ ಪ್ರಯೋಗಗಳು ತೋರಿಸಿದವು.

ಮುರುಡೇಶ್ವರದಾಚೆ ನೇತ್ರಾಣಿಯಲ್ಲಿ ಮುಳುಗುಗಾರರಿಗೆ ಕಾಣಸಿಗುವ ಕಡಲ ಹೂವಿಗೆ, ಅಂದರೆ ಸೀ ಅನಿಮೋನಿಗೆ, ಅಂಥ ಕಣ್ಣೂ ಇಲ್ಲ. ಕೇಂಬ್ರಿಡ್ಜ್‌ನ ಕಾರ್ಲ್ ಪ್ಯಾಂಟಿನ್ 1935ರಲ್ಲಿ ಅದರ ಒಂದು ಜಾತಿಗೆ ವಿದ್ಯುತ್ ತಾಗಿಸಿ ನೋಡಿದ್ದರು: ಒಂದೇ ಸಲ ತಾಗಿಸಿದರೆ ಸ್ನಾಯು ಅಲುಗದು; ಕೆಲವೇ ಸೆಕೆಂಡುಗಳೊಳಗೆ ಇನ್ನೊಂದು ಸಲ ತಾಗಿಸಿದರೆ ಕುಗ್ಗುತ್ತದೆ. ಮೊದಲ ಪ್ರಚೋದನೆ ದಾರಿ ಮಾಡಿಕೊಟ್ಟಿರುತ್ತದೆ. ಈ ಕ್ಷಣಿಕ ಗುರುತಿಗಿಂತ ಹೆಚ್ಚು ಬಾಳುವ ಕಲಿಕೆ ಗೊತ್ತಾದದ್ದು 2023ರಲ್ಲಿ, ಸ್ವಿಟ್ಜರ್‌ಲೆಂಡ್‌ನ ಫ್ರಿಬೂರ್ಗ್‌ನಲ್ಲಿ. ನೆಮಟೊಸ್ಟೆಲ್ಲಾ ಎಂಬ ಪುಟ್ಟ ಅನಿಮೋನಿಗೆ ಬೆಳಕು ಮತ್ತು ಲಘು ಶಾಕ್ ಒಟ್ಟಿಗೇ ಕೊಟ್ಟು ಪಳಗಿಸಿದಾಗ, ಆಮೇಲೆ ಬರಿಯ ಬೆಳಕಿಗೂ ಅದು ಮೈ ಕುಗ್ಗಿಸಿಕೊಂಡಿತು. ಎರಡನ್ನೂ ಬೇರೆಬೇರೆ ಹೊತ್ತಿನಲ್ಲಿ ಪಡೆದ ಗುಂಪಿನಲ್ಲಿ ಹೀಗೆ ಕುಗ್ಗಿದವುಗಳ ಸಂಖ್ಯೆ ಕಡಿಮೆಯಿತ್ತು.