ಹಂಪೆಯೋ? ಹಂಪಿಯೋ?

ಹೊಸಪೇಟೆಗೆ ಸಮೀಪದ ಆ ಊರನ್ನು ಕೆಲವರು ಹಂಪೆ ಎಂದು ಬರೆಯುತ್ತಾರೆ, ಕೆಲವರು ಹಂಪಿ ಎಂದು. ಪುರಾಣ, ಶಾಸನಗಳಲ್ಲಿ ಅದು ಪಂಪಾಕ್ಷೇತ್ರ. ಈ ಮೂರರಲ್ಲಿ ಸರಿಯಾದುದು ಯಾವುದು?

ಮೂಲ ಹೆಸರು ಪಂಪಾ. ಅದು ನದಿಯ ಹೆಸರು, ಆನೆಗೊಂದಿ ಬಳಿಯ ಸರೋವರದ ಹೆಸರು, ದೇವಿಯ ಹೆಸರೂ ಹೌದು. ಪಂಪಾದೇವಿಯನ್ನು ವರಿಸಿದ್ದರಿಂದಲೇ ವಿರೂಪಾಕ್ಷ ಪಂಪಾಪತಿ. ಅವರ ನಿಶ್ಚಿತಾರ್ಥವಾದ ಫಲಪೂಜೆಯೂ ಕಲ್ಯಾಣೋತ್ಸವವೂ ಇಂದಿಗೂ ಇಲ್ಲಿ ನಡೆಯುತ್ತವೆ.

ಪಂಪಾ ಹಂಪೆಯಾದದ್ದು ಕನ್ನಡದ ಒಂದು ದೊಡ್ಡ ಬದಲಾವಣೆಯಿಂದ. ಸುಮಾರು 10ನೆಯ ಶತಮಾನದಿಂದೀಚೆಗೆ ಪದದ ಮೊದಲಲ್ಲಿದ್ದ ಪಕಾರ ಕ್ರಮೇಣ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಹೊಸಪೇಟೆಯ 'ಹೊಸ' ಕೂಡ ಹಿಂದೆ 'ಪೊಸ'. 13ನೆಯ ಶತಮಾನದ ವೈಯಾಕರಣ ಕೇಶಿರಾಜ ಈ ಬದಲಾವಣೆಯನ್ನು ಗುರುತಿಸಿದ್ದಾನೆ. ನೆರೆಯ ತೆಲುಗಿನಲ್ಲಿ ಪಾಲು, ಪುಲಿ ಹಾಗೆಯೇ ಉಳಿದಿವೆ. ಹಂಪೆಯ ಎರಡನೆಯ ಪಕಾರ ಉಳಿದುಕೊಂಡದ್ದು ಅದು ಅನುಸ್ವಾರದ ನಂತರ ಬರುವುದರಿಂದ. ಕೊನೆಯ 'ಆ' ಕಾರ, ಗಂಗಾ ಗಂಗೆಯಾದಂತೆ, ಸೀತಾ ಸೀತೆಯಾದಂತೆ, 'ಎ' ಕಾರವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಪಾಪ, ಪುಣ್ಯ, ಪೂಜೆಗಳು ಹಕಾರಕ್ಕೆ ತಿರುಗಲಿಲ್ಲ. ಅವು ಗ್ರಂಥದ ರೂಪವನ್ನೇ ಉಳಿಸಿಕೊಂಡವು. ಆದರೆ ಜನರ ಬಾಯಲ್ಲಿ ಸವೆದ 'ಪರ್ವ' ಮಾತ್ರ ಹಬ್ಬವಾಯಿತು. ಪಂಪಾ ಹಂಪೆಯಾದದ್ದೂ ಹೀಗೆಯೇ. ಅದು ಕೇವಲ ಪಂಡಿತರ ಪೋಥಿಯಲ್ಲಿದ್ದ ಹೆಸರಲ್ಲ, ದಿನಬಳಕೆಯ ಮಾತಾಗಿತ್ತು ಎಂಬುದಕ್ಕೆ ಈ ಹಕಾರವೇ ಸಾಕ್ಷಿ.

ಇನ್ನು ಹಂಪಿ. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಮನೆ 'ಮನಿ'ಯಾಗುತ್ತದೆ, ಕುದುರೆ 'ಕುದ್ರಿ'ಯಾಗುತ್ತದೆ. ಹಂಪೆಯೂ ಅದೇ ದಾರಿಯಲ್ಲಿ ಹಂಪಿಯಾಯಿತು. ಇಂಗ್ಲಿಷ್ ಬರಹ ಹಿಡಿದದ್ದು ಈ ಉಚ್ಚಾರಣೆಯನ್ನೇ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಇದೇ ಹೆಸರು.

ವ್ಯಾಕರಣಕ್ಕೆ ಎರಡರಲ್ಲೂ ತೊಡಕಿಲ್ಲ. ಹಂಪೆಯ, ಹಂಪೆಯಲ್ಲಿ ಎನ್ನುವಂತೆಯೇ ಹಂಪಿಯ, ಹಂಪಿಯಲ್ಲಿ ಎನ್ನುತ್ತೇವೆ. ನಡುವೆ ಬರುವುದು ಅದೇ ಯಕಾರಾಗಮ. ಚತುರ್ಥಿಯಲ್ಲಿ ಯಕಾರವಿಲ್ಲದೆ ಹಂಪೆಗೆ, ಹಂಪಿಗೆ. ಮಾತಿನಲ್ಲಿ ಮನ್ಯಾಗ ಎಂಬಂತೆ 'ಹಂಪ್ಯಾಗ' ಎಂದರೂ ನಿಯಮ ಮೀರಿದಂತಲ್ಲ.

ಆದ್ದರಿಂದ ಯಾವುದನ್ನೂ ತಪ್ಪೆಂದು ತಿದ್ದಬೇಕಾಗಿಲ್ಲ. ಪಂಪಾ ಪುರಾಣದ ರೂಪ, ಹಂಪೆ ಗ್ರಂಥಸ್ಥ ಕನ್ನಡದ ರೂಪ, ಹಂಪಿ ಊರವರ ಬಾಯಿನ ರೂಪ. ಕಲ್ಲಿನ ಮಂಟಪಗಳಿಗೆ ಕೊಡುವ ರಕ್ಷಣೆ ಈ ಮೂರು ಹೆಸರುಗಳಿಗೂ ಸಲ್ಲಬೇಕು. ಒಂದನ್ನು ಉಳಿಸಲು ಉಳಿದೆರಡನ್ನು ಅಳಿಸಿದರೆ ಸಾವಿರ ವರ್ಷದ ನುಡಿಯ ಚರಿತ್ರೆಯೇ ಅಳಿಸಿಹೋದೀತು.